ದಾರಿ ತಪ್ಪುವ ಯುವಕರು ಮತ್ತು ಸಂಸ್ಥೆ ನಡೆಸುವವರ ಹೊಣೆ

(ಸಂಸ್ಥೆಯ ವಾರ್ಷಿಕ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಹೆಚ್ಚು ಅಂಕ ಪಡೆದ ಮಕ್ಕಳನ್ನು ಈಗಷ್ಟೇ ವೇದಿಕೆಗೆ ಕರೆದು ಸನ್ಮಾನಿಸಿದಿರಿ. ನಾನೂ ಚಪ್ಪಾಳೆ ತಟ್ಟಿದೆ. ಜೀವನವಿಡೀ ಮೇಷ್ಟ್ರಾಗಿದ್ದವನಿಗೆ ಇದಕ್ಕಿಂತ ಸಂತೋಷದ ನೋಟ ಬೇರೊಂದಿಲ್ಲ. ಆದರೆ ಕಾರ್ಯದರ್ಶಿಗಳು ನನಗೆ ಕೊಟ್ಟಿರುವ ವಿಷಯ ಬೇರೆ. ಹೊಡೆದಾಟ, ಚೂರಿ, ಕೊಲೆ ಎಂಬ ದಾರಿಗೆ ಬೀಳುವ ಅಪಾಯದಲ್ಲಿರುವ ನಗರದ ಹುಡುಗರಿಗಾಗಿ ಕೆಲಸ ಮಾಡುವ ಸಂಸ್ಥೆಯೊಂದನ್ನು ಮುನ್ನಡೆಸುವುದು ಹೇಗೆ ಎಂಬುದು. ಆ ಹುಡುಗರು ಇವತ್ತು ಈ ಸಭಾಂಗಣದ ಒಳಗಿಲ್ಲ. ಬಂದಿದ್ದರೂ ಗೇಟಿನ ಹೊರಗೆ ಬೈಕಿನ ಮೇಲೆ ಕುಳಿತಿರುತ್ತಾರೆ. ನೀವೂ ನಾನೂ ಅವರನ್ನು ದಾಟಿಯೇ ಒಳಗೆ ಬಂದಿದ್ದೇವೆ.

ಇದನ್ನು ಹೇಳಲು ನಾನು ಆರಿಸಿಕೊಂಡಿರುವುದು ಅಮೆರಿಕದ ಚಿಕಾಗೋ ನಗರವನ್ನು. ಅಷ್ಟು ದೂರದ ಊರೇಕೆ ಎಂದು ನೀವು ಕೇಳಬಹುದು. ಅಲ್ಲಿ 30 ವರ್ಷಗಳಿಂದ ಈ ಕೆಲಸ ನಡೆಯುತ್ತಿದೆ, ಮತ್ತು ಅಲ್ಲಿಯವರು ತಾವು ಗೆದ್ದದ್ದನ್ನು ಮಾತ್ರವಲ್ಲ, ಸೋತದ್ದನ್ನೂ ಲೆಕ್ಕ ಹಾಕಿ ಬರೆದಿಟ್ಟಿದ್ದಾರೆ. ನಮ್ಮಲ್ಲಿ ಸೋತದ್ದನ್ನು ಬರೆದಿಡುವ ಅಭ್ಯಾಸ ಕಡಿಮೆ. ನನ್ನ ಮಗಳು ಆ ಊರಿನ ಹೊರವಲಯದಲ್ಲಿ ನೆಲೆಸಿರುವುದರಿಂದ ಅಲ್ಲಿಗೆ ಹೋಗಿ ಕೆಲವು ತಿಂಗಳು ಇದ್ದು ಬಂದೆ. ಗುಂಡು ಹಾರುವ ಬೀದಿಗಳಿಗೆ ನಾನು ಹೋಗಿಲ್ಲ. ಓದಿ, ಕೇಳಿ ತಿಳಿದುಕೊಂಡದ್ದನ್ನಷ್ಟೇ ನಿಮ್ಮ ಮುಂದಿಡುತ್ತೇನೆ.

ಸುಮಾರು 27 ಲಕ್ಷ ಜನರಿರುವ ಆ ನಗರದಲ್ಲಿ 2016ನೇ ಇಸವಿಯೊಂದರಲ್ಲೇ 750ಕ್ಕೂ ಹೆಚ್ಚು ಕೊಲೆಗಳಾದವು. 2021ರಲ್ಲಿ ಈ ಸಂಖ್ಯೆ 800ರ ಹತ್ತಿರಕ್ಕೆ ಬಂತು. ಹೆಚ್ಚಿನವು ಬಂದೂಕಿನಿಂದ. ಸಾಯುವವರೂ ಸಾಯಿಸುವವರೂ ಬಹುತೇಕ ಯುವಕರು, ಅದರಲ್ಲೂ ಊರಿನ ದಕ್ಷಿಣ ಮತ್ತು ಪಶ್ಚಿಮ ದಿಕ್ಕಿನ ಕೆಲವೇ ಬಡಾವಣೆಗಳ ಕಪ್ಪು ಜನಾಂಗದ ಮತ್ತು ಲ್ಯಾಟಿನೋ ಹುಡುಗರು. ಅದೇ ಊರಿನ ಉತ್ತರ ಭಾಗದಲ್ಲಿ ಮನೆ ಮಾಡಿರುವವನಿಗೆ ಇದು ಪತ್ರಿಕೆಯಲ್ಲಿ ಓದುವ ಸುದ್ದಿ ಮಾತ್ರ. ನಮ್ಮ ದೇಶದಲ್ಲಿ ಬಂದೂಕು ಅಷ್ಟು ಸುಲಭವಾಗಿ ಕೈಗೆ ಸಿಗುವುದಿಲ್ಲ, ಅದು ದೇವರ ದಯೆ. ಆದ್ದರಿಂದ ಎರಡೂ ಊರನ್ನು ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಅಲ್ಲಿ ಈ ಕೆಲಸಕ್ಕೆ ಹೊಸ ದಾರಿ ತೋರಿಸಿದವರು ಪೊಲೀಸರಲ್ಲ, ಪಾದ್ರಿಗಳಲ್ಲ, ಒಬ್ಬ ವೈದ್ಯರು. ಡಾ. ಗ್ಯಾರಿ ಸ್ಲಟ್ಕಿನ್ ಸಾಂಕ್ರಾಮಿಕ ರೋಗಗಳ ತಜ್ಞರು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕ್ಷಯ, ಸೊಮಾಲಿಯಾದ ನಿರಾಶ್ರಿತರ ಶಿಬಿರಗಳಲ್ಲಿ ಕಾಲರಾ, ಉಗಾಂಡದಲ್ಲಿ ಏಡ್ಸ್, ಹೀಗೆ ವರ್ಷಗಟ್ಟಲೆ ರೋಗಗಳ ಬೆನ್ನು ಹತ್ತಿದ್ದವರು. ಸ್ವದೇಶಕ್ಕೆ ಮರಳಿದ ಮೇಲೆ ಕೊಲೆಗಳ ನಕ್ಷೆ ನೋಡಿದಾಗ ಅವರಿಗೆ ಕಂಡದ್ದು ಕಾಲರಾದ ನಕ್ಷೆಯಂತಹುದೇ. ಒಂದು ಕಡೆ ಗುಂಡು ಹಾರಿದರೆ ಸುತ್ತಮುತ್ತ ಇನ್ನಷ್ಟು ಗುಂಡು ಹಾರುತ್ತವೆ. ಸೇಡು ಕೂಡ ಸೋಂಕಿನಂತೆ ಒಬ್ಬನಿಂದ ಒಬ್ಬನಿಗೆ ಹರಡುತ್ತದೆ. ಹಾಗಾದರೆ ಸೋಂಕನ್ನು ತಡೆದಂತೆಯೇ ಇದನ್ನೂ ತಡೆಯಬಾರದೇಕೆ ಎಂದು ಅವರು ಯೋಚಿಸಿದರು. 1995ರಲ್ಲಿ ಚಿಕಾಗೋದ ಇಲಿನಾಯ್ ವಿಶ್ವವಿದ್ಯಾಲಯದ ಆಶ್ರಯದಲ್ಲಿ ಯೋಜನೆ ಆರಂಭವಾಯಿತು. 2000ದಲ್ಲಿ ವೆಸ್ಟ್ ಗಾರ್ಫೀಲ್ಡ್ ಪಾರ್ಕ್ ಎಂಬ ಬಡಾವಣೆಯಲ್ಲಿ ಸೀಸ್‌ಫೈರ್ ಎಂಬ ಹೆಸರಿನಲ್ಲಿ ಬೀದಿಗಿಳಿಯಿತು. ಇದೇ ಮುಂದೆ ಕ್ಯೂರ್ ವಯೊಲೆನ್ಸ್ ಆಯಿತು. ಬೀದಿಯ ಕೆಲಸವನ್ನು ಆಯಾ ಬಡಾವಣೆಯ ಸಣ್ಣ ಸಣ್ಣ ಸೇವಾಸಂಸ್ಥೆಗಳೇ ವಹಿಸಿಕೊಂಡವು.

ಇಲ್ಲಿ ನಾನು ನಿಮ್ಮ ಗಮನವನ್ನು ಒಂದು ಅರ್ಜಿಯ ಕಡೆಗೆ ಸೆಳೆಯಬೇಕು. ನಮ್ಮ ವಿದ್ಯಾರ್ಥಿವೇತನದ ಅರ್ಜಿ ನಿಮಗೆ ಗೊತ್ತು. ಅಂಕಪಟ್ಟಿ, ಆದಾಯ ಪ್ರಮಾಣಪತ್ರ, ನಡತೆ ಪ್ರಮಾಣಪತ್ರ. ಈ ಮೂರೂ ಸರಿಯಿದ್ದವನಿಗೆ ಹಣ. ಚಿಕಾಗೋದ ಆ ಸಂಸ್ಥೆ ಒಬ್ಬ ಹುಡುಗನನ್ನು ತನ್ನ ಆರೈಕೆಗೆ ತೆಗೆದುಕೊಳ್ಳಬೇಕಾದರೆ ಏಳು ಅಂಶಗಳನ್ನು ನೋಡುತ್ತಿತ್ತು. ವಯಸ್ಸು 16ರಿಂದ 25ರೊಳಗಿದೆಯೇ, ಯಾವುದಾದರೂ ಗ್ಯಾಂಗಿನಲ್ಲಿದ್ದಾನೆಯೇ, ಅದರಲ್ಲಿ ಮುಖ್ಯ ಪಾತ್ರವಿದೆಯೇ, ಹಿಂದೆ ಅಪರಾಧದ ದಾಖಲೆಯಿದೆಯೇ, ಇತ್ತೀಚೆಗೆ ಜೈಲಿನಿಂದ ಬಂದಿದ್ದಾನೆಯೇ, ಮಾದಕ ವಸ್ತು ಮಾರಾಟದಂತಹ ಬೀದಿ ವ್ಯವಹಾರದಲ್ಲಿದ್ದಾನೆಯೇ, ಇತ್ತೀಚೆಗೆ ಅವನಿಗೇ ಗುಂಡೇಟು ಬಿದ್ದಿದೆಯೇ. ಈ ಏಳರಲ್ಲಿ ಕನಿಷ್ಠ ನಾಲ್ಕಕ್ಕೆ ಹೌದು ಎಂಬ ಉತ್ತರ ಬಂದರೆ ಮಾತ್ರ ಪ್ರವೇಶ. ನಾವು ಯಾವ ಹುಡುಗನಿಗೆ ಗೇಟು ಹಾಕುತ್ತೇವೋ ಅವನಿಗೇ ಅಲ್ಲಿ ಸೀಟು!

ಈ ಮಾತು ಕೇಳಿ ಕೆಲವರು ನಕ್ಕಿರಿ. ಆದರೆ ಸಂಸ್ಥೆ ನಡೆಸುವವರ ನಿಜವಾದ ಕಷ್ಟ ಇಲ್ಲಿಂದಲೇ ಶುರುವಾಗುತ್ತದೆ. ದಾನ ಕೊಡುವವರು ಫಲ ಕೇಳುತ್ತಾರೆ. ಹೇಗಿದ್ದರೂ ದಡ ಸೇರುವ ಹುಡುಗರನ್ನೇ ತೆಗೆದುಕೊಂಡರೆ ವರದಿ ಸುಂದರವಾಗಿರುತ್ತದೆ, ಫೋಟೋ ಚೆನ್ನಾಗಿ ಬರುತ್ತದೆ, ಮುಂದಿನ ವರ್ಷ ಹಣ ಹೆಚ್ಚು ಬರುತ್ತದೆ. ಮುಳುಗುತ್ತಿರುವವನನ್ನು ತೆಗೆದುಕೊಂಡರೆ ಹತ್ತರಲ್ಲಿ ಕೆಲವರು ಕೈಬಿಟ್ಟು ಹೋಗುತ್ತಾರೆ, ಒಬ್ಬ ಮತ್ತೆ ಜೈಲು ಸೇರುತ್ತಾನೆ, ಮರುದಿನ ಪತ್ರಿಕೆಯಲ್ಲಿ ಸಂಸ್ಥೆಯ ಹೆಸರು ಬರುತ್ತದೆ. ಅಂತಹ ದಿನ ಕಾರ್ಯಕಾರಿ ಸಮಿತಿಯ ಮುಂದೆ ನಿಂತು, ಹೌದು, ಇವನು ನಮ್ಮ ಹುಡುಗನೇ ಎಂದು ಹೇಳಬಲ್ಲವನು ಮುಖ್ಯಸ್ಥನಾಗಿರಬೇಕು. ಉಳಿದ ಗುಣಗಳೆಲ್ಲ ಆಮೇಲಿನವು.

ಇನ್ನು ಕೆಲಸಕ್ಕೆ ಯಾರನ್ನು ತೆಗೆದುಕೊಳ್ಳಬೇಕು? ಉಗಾಂಡದಲ್ಲಿ ಡಾ. ಸ್ಲಟ್ಕಿನ್ ಕಂಡುಕೊಂಡ ಸಂಗತಿಯೆಂದರೆ, ಹೊರಗಿನ ಡಾಕ್ಟರು ಬಂದು ಹೇಳಿದರೆ ಜನ ಕೇಳುವುದಿಲ್ಲ, ತಮ್ಮ ನಡುವಿನವರೇ ಹೇಳಿದರೆ ಕೇಳುತ್ತಾರೆ. ಸಿಟ್ಟಿನಲ್ಲಿ ಬಂದೂಕು ತೆಗೆದುಕೊಂಡು ಹೊರಟ ಹುಡುಗನನ್ನು ಎಂ.ಎಸ್.ಡಬ್ಲ್ಯು. ಪಾಸಾದವರು ತಡೆಯಲಾರರು. ಒಂದು ಕಾಲಕ್ಕೆ ತಾನೂ ಹಾಗೆ ಹೊರಟು ಜೈಲು ಕಂಡು ಬಂದವನು ತಡೆಯಬಲ್ಲ. 2004ರಿಂದ ಅಂತಹವರನ್ನೇ ಸಂಬಳ ಕೊಟ್ಟು ನೇಮಿಸಿಕೊಂಡರು. ಅವರಿಗೆ ಇಂಟರಪ್ಟರ್ ಎಂದು ಹೆಸರು, ಅಂದರೆ ನಡುವೆ ಬಂದು ತಡೆಯುವವರು. ಯಾರಿಗೆ ಯಾರ ಮೇಲೆ ದ್ವೇಷ, ಯಾರ ತಂಗಿಯನ್ನು ಯಾರು ಚುಡಾಯಿಸಿದರು, ಯಾವ ಮನೆಯಲ್ಲಿ ಇವತ್ತು ರಾತ್ರಿ ಸೇಡಿನ ಮಾತು ನಡೆದಿದೆ ಎಂಬುದು ಅವರಿಗೆ ಗೊತ್ತಾಗುತ್ತದೆ. ಆಸ್ಪತ್ರೆಗಳೊಡನೆಯೂ ಒಪ್ಪಂದ ಮಾಡಿಕೊಂಡರು. ಗುಂಡೇಟು ತಿಂದವನು ದಾಖಲಾದ ಕೂಡಲೇ ಇವರಿಗೆ ಕರೆ ಹೋಗುತ್ತದೆ. ಗಾಯಾಳುವಿನ ಅಣ್ಣ ತಮ್ಮಂದಿರು, ಗೆಳೆಯರು ಸೇಡಿಗೆ ಹೊರಡುವ ಮೊದಲೇ ಇವರು ಆಸ್ಪತ್ರೆಯ ಬಾಗಿಲಲ್ಲಿರುತ್ತಾರೆ. ಬಹಳ ಸಲ ಇವರು ಕೇಳುವುದು ಒಂದು ರಾತ್ರಿಯ ಸಮಯವನ್ನಷ್ಟೇ.

ಹಾಗೆಂದು ಬಂದವರನ್ನೆಲ್ಲ ತೆಗೆದುಕೊಳ್ಳಲಿಲ್ಲ. ಆಯ್ಕೆ ಸಮಿತಿಯಲ್ಲಿ ಬಡಾವಣೆಯ ಹಿರಿಯರಿದ್ದರು, ಧರ್ಮಗುರುಗಳಿದ್ದರು, ಪೊಲೀಸ್ ಇಲಾಖೆಯವರೂ ಇದ್ದರು. ಮಕ್ಕಳ ಮೇಲೆ ದೌರ್ಜನ್ಯ ಮಾಡಿದವರಿಗೆ ಅಲ್ಲಿ ಜಾಗವಿರಲಿಲ್ಲ. ನಂಬಿಕೆ ಬೇರೆ, ಕುರುಡು ನಂಬಿಕೆ ಬೇರೆ.

ಈ ಇಂಟರಪ್ಟರುಗಳ ಬದುಕನ್ನು ತೋರಿಸುವ 'ದಿ ಇಂಟರಪ್ಟರ್ಸ್' ಎಂಬ ಸಾಕ್ಷ್ಯಚಿತ್ರ 2011ರಲ್ಲಿ ಬಂತು. ಸ್ಟೀವ್ ಜೇಮ್ಸ್ ನಿರ್ದೇಶಕರು. ಮಗಳ ಮನೆಯಲ್ಲಿ ನಾನು ಅದನ್ನು ನೋಡಿದೆ. ಅದರಲ್ಲಿ ತಲೆಗೆ ವಸ್ತ್ರ ಕಟ್ಟಿಕೊಂಡ ಒಬ್ಬ ಮಹಿಳೆ, ಅಮೀನಾ ಮ್ಯಾಥ್ಯೂಸ್. ಆಕೆಯ ತಂದೆ ಜೆಫ್ ಫೋರ್ಟ್ ಚಿಕಾಗೋದ ಅತಿ ಕುಖ್ಯಾತ ಗ್ಯಾಂಗಿನ ನಾಯಕ, ಜೈಲಿನಲ್ಲಿರುವವನು. ಆಕೆಯೂ ಹರೆಯದಲ್ಲಿ ಅದೇ ಬೀದಿಯ ದಂಧೆಯಲ್ಲಿದ್ದವರು, ನಂತರ ದೀನಿನ ದಾರಿಗೆ ಬಂದವರು. ಜಗಳಕ್ಕೆ ನಿಂತ ಆಜಾನುಬಾಹು ಗಂಡಸರ ನಡುವೆ ನುಗ್ಗಿ ಆಕೆ ಮಾತಾಡುವ ರೀತಿ ನೋಡಬೇಕು. ಗದರುತ್ತಾರೆ, ನಗಿಸುತ್ತಾರೆ, ಮನೆಗೆ ಕರೆದು ಊಟ ಹಾಕುತ್ತಾರೆ. ನಮ್ಮಲ್ಲಿ ಇಂತಹ ಹಿನ್ನೆಲೆಯ ಹೆಣ್ಣುಮಗಳು ಕೆಲಸ ಕೇಳಿಕೊಂಡು ಬಂದರೆ ನಾವು ಏನು ಮಾಡುತ್ತಿದ್ದೆವು? ಉತ್ತರವನ್ನು ನೀವೇ ಹೇಳಿಕೊಳ್ಳಿ, ನನ್ನ ಬಾಯಿಯಿಂದ ಬೇಡ.

ಅದೇ ಚಿತ್ರದಲ್ಲಿರುವ ಇನ್ನೊಬ್ಬರು ಎಡ್ಡಿ ಬೋಕನೆಗ್ರಾ. ಹದಿಹರೆಯದಲ್ಲಿ ಕೊಲೆ ಮಾಡಿ 14 ವರ್ಷ ಜೈಲಿನಲ್ಲಿದ್ದವರು. ಚಿತ್ರದಲ್ಲಿ ಶಾಲಾ ಮಕ್ಕಳಿಗೆ ಬಣ್ಣ ಹಚ್ಚಲು ಕಲಿಸುತ್ತಾರೆ, ತಾವು ಮಾಡಿದ್ದನ್ನು ನೆನೆದು ಮಾತು ನಿಲ್ಲಿಸುತ್ತಾರೆ. ಆ ಮನುಷ್ಯ ಅಲ್ಲಿಗೇ ನಿಲ್ಲಲಿಲ್ಲ. ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಸಮಾಜಕಾರ್ಯದ ಸ್ನಾತಕೋತ್ತರ ಪದವಿ ಪಡೆದರು. 2017ರಲ್ಲಿ ರೆಡಿ ಚಿಕಾಗೋ ಎಂಬ ದೊಡ್ಡ ಯೋಜನೆ ಆರಂಭವಾದಾಗ ಅದರ ಮುಖ್ಯಸ್ಥರಾದರು. 2022ರಲ್ಲಿ ಅಮೆರಿಕದ ನ್ಯಾಯ ಇಲಾಖೆಗೆ ಸಲಹೆಗಾರರಾಗಿ ಹೋದರು. ಇಂತಹವರನ್ನು ಬೀದಿಯ ಕೆಲಸಕ್ಕೆ ಇಟ್ಟುಕೊಂಡರೆ ಸಾಲದು, ಕುರ್ಚಿಯ ತನಕ ಬರಲು ಬಿಡಬೇಕು. ಸಂಸ್ಥೆಗಳು ಸಾಮಾನ್ಯವಾಗಿ ಇಲ್ಲೇ ಹಿಂದೇಟು ಹಾಕುತ್ತವೆ.

ಪೊಲೀಸರೊಡನೆ ಸಂಬಂಧ ಒಂದು ಸೂಕ್ಷ್ಮ ವಿಷಯ. ಇಂಟರಪ್ಟರ್ ತನಗೆ ಗೊತ್ತಾದದ್ದನ್ನು ಪೊಲೀಸರಿಗೆ ಮುಟ್ಟಿಸಿದರೆ ನಾಳೆಯಿಂದ ಬೀದಿಯಲ್ಲಿ ಅವನೊಡನೆ ಯಾರೂ ಮಾತಾಡುವುದಿಲ್ಲ, ಜೀವಕ್ಕೂ ಅಪಾಯ. ಮುಟ್ಟಿಸದಿದ್ದರೆ ಪೊಲೀಸರಿಗೆ ಸಂಶಯ. ಪೊಲೀಸರು ಇವರಿಗೆ ಮಾಹಿತಿ ಕೊಡಬಹುದು, ಇವರು ತಿರುಗಿ ಕೊಡುವುದಿಲ್ಲ, ಇದು ಚಿಕಾಗೋದವರು ಹಾಕಿಕೊಂಡ ನಿಯಮ. ಇದರಿಂದ ಅವರಿಗೆ ನಷ್ಟವೂ ಆಯಿತು. 2012ರಲ್ಲಿ ನಗರಾಡಳಿತ 10 ಲಕ್ಷ ಡಾಲರಿನ ಒಪ್ಪಂದ ಮಾಡಿಕೊಂಡಿತು, ಮರುವರ್ಷ ಅದು ಮುಂದುವರಿಯಲಿಲ್ಲ. ಬೀದಿಯಲ್ಲಿ ನಿಂತ ಕೆಲಸಗಾರನ ಮೇಲೆ ಈ ಒತ್ತಡ ಬೀಳದಂತೆ ಅದನ್ನು ತನ್ನ ಮೈಮೇಲೆ ತೆಗೆದುಕೊಳ್ಳುವುದು ಮುಖ್ಯಸ್ಥನ ಕೆಲಸ. ಕಮಿಷನರ ಕಚೇರಿಯಲ್ಲಿ ಕುರ್ಚಿ ಸಿಗದೆ ನಿಂತುಕೊಂಡು ಮಾತಾಡುವುದು ಕೂಡ ಅದರಲ್ಲಿ ಸೇರಿದೆ.

ಹಣದ ವಿಷಯ ಇನ್ನೂ ಕಠಿಣ. 2007ರಲ್ಲಿ ರಾಜ್ಯ ಸರ್ಕಾರ ಸೀಸ್‌ಫೈರ್‌ನ ಅನುದಾನ ಕಡಿತ ಮಾಡಿದಾಗ ಬಡಾವಣೆಗಳ ಕೇಂದ್ರಗಳು ಮುಚ್ಚಿದವು. 2015ರಲ್ಲಿ ರಾಜ್ಯದ ಬಜೆಟ್ ಜಗಳದಲ್ಲಿ ಮತ್ತೆ ಅದೇ ಕಥೆ. 2025ರ ಏಪ್ರಿಲ್‌ನಲ್ಲಿ ಕೇಂದ್ರದ ನ್ಯಾಯ ಇಲಾಖೆ ದೇಶದಾದ್ಯಂತ ನೂರಾರು ಅನುದಾನಗಳನ್ನು ಅವಧಿಯ ನಡುವೆಯೇ ರದ್ದು ಮಾಡಿತು, ಹಿಂಸೆ ತಡೆಯುವ ಸಂಸ್ಥೆಗಳೂ ಅದರಲ್ಲಿದ್ದವು. ಒಂದು ಶಾಲೆಗೆ ಅನುದಾನ ಒಂದು ವರ್ಷ ತಡವಾದರೆ ಕಟ್ಟಡ ಅರ್ಧಕ್ಕೆ ನಿಲ್ಲುತ್ತದೆ, ಮುಂದಿನ ವರ್ಷ ಕಟ್ಟಬಹುದು. ಬೀದಿಯ ಹುಡುಗನಿಗೆ ಮಾತು ಕೊಟ್ಟು ಆರು ತಿಂಗಳಿಗೆ ಮಾಯವಾದರೆ ಅವನು ಇನ್ನೊಬ್ಬನ ಮಾತನ್ನೂ ನಂಬುವುದಿಲ್ಲ. ಆದ್ದರಿಂದ ಒಂದೇ ಬಾವಿಯ ನೀರನ್ನು ನೆಚ್ಚಿಕೊಳ್ಳಬಾರದು.

ಈ ವಿಷಯದಲ್ಲಿ ಅದೇ ಊರಿನ ಇಮಾನ್ ಎಂಬ ಸಂಸ್ಥೆಯನ್ನು ನೆನೆಯಬೇಕು. ಇನ್ನರ್ ಸಿಟಿ ಮುಸ್ಲಿಮ್ ಆ್ಯಕ್ಷನ್ ನೆಟ್‌ವರ್ಕ್ ಎಂಬುದರ ಹ್ರಸ್ವ ರೂಪ ಅದು. 1997ರಲ್ಲಿ ರಾಮಿ ನಶಾಶಿಬಿ ಮತ್ತು ಸಂಗಡಿಗರು ದಕ್ಷಿಣ ಚಿಕಾಗೋದಲ್ಲಿ ಕಟ್ಟಿದ್ದು. ನಶಾಶಿಬಿ ಪ್ಯಾಲೆಸ್ತೀನ್ ಮೂಲದವರು, 2017ರಲ್ಲಿ ಪ್ರತಿಷ್ಠಿತ ಮ್ಯಾಕ್‌ಆರ್ಥರ್ ಫೆಲೋಶಿಪ್ ಪಡೆದವರು. ಆ ಭಾಗದಲ್ಲಿ ಬಹಳಷ್ಟು ಸಣ್ಣ ಅಂಗಡಿಗಳ ಮಾಲೀಕರು ಅರಬ್ ಮುಸ್ಲಿಮರು, ಗಿರಾಕಿಗಳು ಬಡ ಕಪ್ಪು ಜನ. ಅಂಗಡಿಯಲ್ಲಿ ಮದ್ಯ, ಕಳಪೆ ಆಹಾರ, ಗಿರಾಕಿಯ ಮೇಲೆ ಸಂಶಯ. ಇದನ್ನು ಮೊದಲು ತಮ್ಮವರಿಗೇ ಹೇಳುವ ಧೈರ್ಯ ಈ ಸಂಸ್ಥೆ ತೋರಿಸಿತು. ಅವರ ಗ್ರೀನ್ ರಿಎಂಟ್ರಿ ಎಂಬ ಕಾರ್ಯಕ್ರಮದಲ್ಲಿ ಜೈಲಿನಿಂದ ಬಂದವರಿಗೆ ಬಡಗಿ ಕೆಲಸ, ವೈರಿಂಗ್, ಕಟ್ಟಡದ ಕೆಲಸ ಕಲಿಸುತ್ತಾರೆ. ಪಾಳುಬಿದ್ದ ಮನೆಗಳನ್ನು ಅವರ ಕೈಯಿಂದಲೇ ರಿಪೇರಿ ಮಾಡಿಸುತ್ತಾರೆ. ಕೆಲಸ ಕಲಿತವನು ಯಾವ ಧರ್ಮದವನು ಎಂದು ಕೇಳುವುದಿಲ್ಲ.

ಇಷ್ಟೆಲ್ಲ ಮಾಡಿ ಫಲ ಸಿಕ್ಕಿತೇ? ಸಿಕ್ಕಿತು ಎಂದು ಎದೆತಟ್ಟಿ ಹೇಳುವ ಭಾಷಣಕಾರರನ್ನು ನೀವು ನಂಬಬೇಡಿ. ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ವೆಸ್ಲಿ ಸ್ಕೋಗನ್ ಮತ್ತು ಸಂಗಡಿಗರು ಸೀಸ್‌ಫೈರ್ ನಡೆದ ಏಳು ಪ್ರದೇಶಗಳನ್ನು ಪರಿಶೀಲಿಸಿ 2008ರಲ್ಲಿ ವರದಿ ಕೊಟ್ಟರು. ನಾಲ್ಕು ಕಡೆ ಗುಂಡೇಟು ಕಡಿಮೆಯಾದದ್ದಕ್ಕೆ ಈ ಕೆಲಸವೇ ಕಾರಣ ಎನ್ನಲು ಆಧಾರ ಸಿಕ್ಕಿತು, ಉಳಿದ ಕಡೆ ಅಷ್ಟು ಸ್ಪಷ್ಟವಾಗಿ ಸಿಗಲಿಲ್ಲ. ಪಿಟ್ಸ್‌ಬರ್ಗ್ ನಗರದಲ್ಲಿ ಇದೇ ಮಾದರಿಯಿಂದ ಸ್ಫೂರ್ತಿ ಪಡೆದು ಆರಂಭಿಸಿದ ಯೋಜನೆಯ ಅಧ್ಯಯನ 2010ರಲ್ಲಿ ಬಂತು. ಅಲ್ಲಿ ಕೊಲೆ ಕಡಿಮೆಯಾಗಿರಲಿಲ್ಲ, ಹಲ್ಲೆಗಳು ಹೆಚ್ಚಿದ್ದವು! ಒಳ್ಳೆಯ ಉದ್ದೇಶವಿದ್ದರೂ ಕೆಲಸ ಕೆಡಬಹುದು. 2024ರಲ್ಲಿ ಚಿಕಾಗೋದ ಕೊಲೆಗಳ ಸಂಖ್ಯೆ 600ಕ್ಕಿಂತ ಕೆಳಗಿಳಿಯಿತು. ಆದರೆ ಆ ವರ್ಷಗಳಲ್ಲಿ ಇಡೀ ಅಮೆರಿಕದಲ್ಲೇ ಕೊಲೆಗಳು ಇಳಿದವು, ಹಾಗಾಗಿ ಅದರ ಶ್ರೇಯಸ್ಸನ್ನು ಯಾರೊಬ್ಬರೂ ಜೇಬಿಗೆ ಹಾಕಿಕೊಳ್ಳುವಂತಿಲ್ಲ.

ನನ್ನ ಮನಸ್ಸಿನಲ್ಲಿ ಉಳಿದದ್ದು ರೆಡಿ ಚಿಕಾಗೋದ ಅಧ್ಯಯನ. ಅತಿ ಅಪಾಯದಲ್ಲಿರುವ 2,456 ಗಂಡಸರನ್ನು ಗುರುತಿಸಿ, ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ 18 ತಿಂಗಳ ಸಂಬಳದ ಕೆಲಸ, ಜೊತೆಗೆ ಸಿಟ್ಟು ಬಂದಾಗ ಕೈ ಎತ್ತುವ ಮೊದಲು ಯೋಚಿಸಲು ಕಲಿಸುವ ಪಾಠ. ಇನ್ನೊಂದು ಗುಂಪಿಗೆ ಈ ಅವಕಾಶವಿಲ್ಲ. ಎರಡನೆಯ ಗುಂಪಿನಲ್ಲಿ 20 ತಿಂಗಳಲ್ಲಿ ಪ್ರತಿ 100 ಮಂದಿಗೆ 11ರಂತೆ ಗುಂಡೇಟು ಅಥವಾ ಕೊಲೆಗೆ ಬಲಿಯಾದ ಪ್ರಕರಣಗಳಾದವು. ಎಷ್ಟು ಸರಿಯಾದ ಹುಡುಗರನ್ನು ಆರಿಸಿದ್ದರು ನೋಡಿ. ಒಟ್ಟು ಫಲಿತಾಂಶ ಮಾತ್ರ ಖಚಿತವಾಗಿ ಹೇಳುವಂತಿರಲಿಲ್ಲ.

ಆದರೆ ಒಂದು ಸಂಗತಿ ಇದೆ. ಈ ಗಂಡಸರನ್ನು ಬೇರೆ ಬೇರೆ ದಾರಿಯಲ್ಲಿ ಗುರುತಿಸಿದ್ದರು. ಕೆಲವರನ್ನು ಕಂಪ್ಯೂಟರು ದಾಖಲೆಗಳನ್ನು ಜಾಲಾಡಿ ಹುಡುಕಿತ್ತು. ಇನ್ನು ಕೆಲವರನ್ನು ಬೀದಿಯಲ್ಲಿ ಓಡಾಡುವ ಕಾರ್ಯಕರ್ತರು, ಇವನನ್ನು ತೆಗೆದುಕೊಳ್ಳಿ ಎಂದು ತಾವೇ ಕೈತೋರಿಸಿ ಕಳಿಸಿದ್ದರು. ಹೀಗೆ ಕಾರ್ಯಕರ್ತರು ಕಳಿಸಿದವರಲ್ಲಿ ಗುಂಡು ಹಾರಿಸಿದ ಮತ್ತು ಕೊಲೆಯ ಆರೋಪದ ಬಂಧನಗಳು ಶೇ. 79ರಷ್ಟು, ತಾವೇ ಗುಂಡಿಗೆ ಬಲಿಯಾಗುವುದು ಶೇ. 43ರಷ್ಟು ಕಡಿಮೆಯಾಗಿದ್ದವು. ಹುಡುಗನನ್ನು ಹತ್ತಿರದಿಂದ ಬಲ್ಲವನೊಬ್ಬ ಹೇಳಿದ ಕಡೆ ಫಲ ಸ್ಪಷ್ಟವಾಗಿ ಕಂಡಿತು. 2024ರಲ್ಲಿ ಪ್ರಕಟವಾದ ಈ ಅಧ್ಯಯನವನ್ನು ಓದಿದ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಕಾರಣ ಹೇಳುತ್ತೇನೆ.

ಬಹಳ ವರ್ಷಗಳ ಹಿಂದೆ ನಾನೊಂದು ಹಾಸ್ಟೆಲಿನ ವಾರ್ಡನ್ ಆಗಿದ್ದೆ. ಯಾವ ಹಾಸ್ಟೆಲ್ ಎಂಬುದು ಬೇಡ. ಹತ್ತನೇ ತರಗತಿಯ ಒಬ್ಬ ಹುಡುಗ ಕ್ರಿಕೆಟ್ ವಿಕೆಟ್‌ನಿಂದ ಇನ್ನೊಬ್ಬನ ತಲೆಗೆ ಹೊಡೆದ. ಆರು ಹೊಲಿಗೆ ಬಿತ್ತು. ಅದೇ ಸಂಜೆ ಕಮಿಟಿ ಸೇರಿತು. ಅವನನ್ನು ಕಳಿಸಿಬಿಡಬೇಕೆಂದು ಎಲ್ಲರೂ ಒಂದೇ ಧ್ವನಿಯಲ್ಲಿ ಹೇಳಿದರು, ನಾನೂ ಹೇಳಿದೆ. ಆಗ ನಮ್ಮ ಅಡುಗೆಯವರು ಬಾಗಿಲ ಬಳಿ ಬಂದು ನಿಂತರು. ಹುಡುಗರೆಲ್ಲ ಅವರನ್ನು ಚಾಚಾ ಎನ್ನುತ್ತಿದ್ದರು. "ಸರ್, ಆ ಹುಡುಗನ ವಿಷಯ ಸ್ವಲ್ಪ ಹೇಳೋದಿತ್ತು" ಎಂದರು. "ಇದು ಕಮಿಟಿಯ ವಿಷಯ ಚಾಚಾ, ನೀವು ಒಳಗೆ ಹೋಗಿ" ಎಂದೆ. ಅವರು ಹೋದರು.

ಅವರು ಹೇಳಬೇಕೆಂದಿದ್ದುದು ನನಗೆ ಗೊತ್ತಾದದ್ದು ತಿಂಗಳಾದ ಮೇಲೆ. ಅದಕ್ಕೂ ವಾರದ ಹಿಂದೆ ಆ ಹುಡುಗನ ಅಣ್ಣನಿಗೆ ಅವರ ಓಣಿಯಲ್ಲಿ ಚೂರಿ ಹಾಕಿದ್ದರು. ಹುಡುಗನ ಕಿವಿಯಲ್ಲಿ ದಿನವೂ ಯಾರೋ ಸೇಡಿನ ಮಾತು ಊದುತ್ತಿದ್ದರು. ಅವನು ರಾತ್ರಿ ಊಟ ಬಿಟ್ಟು ಅಡುಗೆಮನೆಯಲ್ಲಿ ಚಾಚಾ ಪಕ್ಕ ಕುಳಿತಿರುತ್ತಿದ್ದ. ಅವನನ್ನು ಹಾಸ್ಟೆಲಿನಲ್ಲಿ ಇಟ್ಟುಕೊಳ್ಳುವುದೆಂದರೆ ಆ ಓಣಿಯಿಂದ ದೂರ ಇಡುವುದೇ ಆಗಿತ್ತು. ನಾವು ಟಿ.ಸಿ. ಕೊಟ್ಟು ಬಸ್ಸು ಹತ್ತಿಸಿ ಅದೇ ಓಣಿಗೆ ಕಳಿಸಿದೆವು. ಟಿ.ಸಿ.ಗೆ ಸಹಿ ನನ್ನದೇ.

ಆದ್ದರಿಂದ ಕಾರ್ಯಕಾರಿ ಸಮಿತಿಗೆ ನನ್ನದೊಂದು ವಿನಂತಿ. ನೀವು ವಿದ್ಯಾರ್ಥಿವೇತನ ಕೊಡುತ್ತಿರುವುದನ್ನು ಬಿಡಬೇಡಿ. ಆದರೆ ಅದರ ಪಕ್ಕದಲ್ಲೇ ಹತ್ತು ಹುಡುಗರಿಗೆ ಜಾಗ ಮಾಡಿ. ನಡತೆ ಪ್ರಮಾಣಪತ್ರ ಕೇಳಬೇಡಿ. ಆ ಹತ್ತು ಮಂದಿಯನ್ನು ಆರಿಸುವ ಕೆಲಸವನ್ನು ನಮ್ಮಂತಹ ನಿವೃತ್ತ ಮೇಷ್ಟ್ರುಗಳಿಗೆ ಕೊಡಬೇಡಿ. ಗ್ಯಾರೇಜಿನವರನ್ನು, ಆಟೋ ಸ್ಟ್ಯಾಂಡಿನವರನ್ನು, ಚಹಾದಂಗಡಿಯವರನ್ನು ಕೇಳಿ. ಅವರಿಗೆ ಹೆಸರು ಗೊತ್ತಿರುತ್ತದೆ. ಮೂರು ವರ್ಷಕ್ಕೆ ಸಾಕಾಗುವಷ್ಟು ಹಣ ಕೈಯಲ್ಲಿಲ್ಲದಿದ್ದರೆ ಆರಂಭಿಸಲೂ ಬೇಡಿ. ಹತ್ತರಲ್ಲಿ ನಾಲ್ವರು ಓಡಿಹೋದರೆ ಮುಂದಿನ ವರ್ಷ ಇದೇ ವೇದಿಕೆಯಲ್ಲಿ ಅದನ್ನೂ ವರದಿಯಲ್ಲಿ ಓದಿ.

ಚಾಚಾ ಅಲ್ಲಾಹನ ದಯೆಯಿಂದ ಇನ್ನೂ ಇದ್ದಾರೆ. ಕಣ್ಣು ಮಂಜಾಗಿದೆ. ಹೋದ ರಮಝಾನಿನಲ್ಲಿ ಅವರ ಮನೆಗೆ ಹೋಗಿ ಆ ಹುಡುಗನ ವಿಷಯ ಕೇಳಿದೆ. ಅವರಿಗೆ ಎಲ್ಲ ಗೊತ್ತಿತ್ತು. ಎರಡು ಬಾರಿ ಜೈಲಿಗೆ ಹೋಗಿ ಬಂದಿದ್ದಾನಂತೆ, ಈಗ ಹುಬ್ಬಳ್ಳಿ ಕಡೆ ಲಾರಿ ಗ್ಯಾರೇಜಿನಲ್ಲಿದ್ದಾನಂತೆ, ಒಬ್ಬ ಮಗನಿದ್ದಾನಂತೆ. ಹಬ್ಬಕ್ಕೆ ಚಾಚಾಗೆ ಫೋನ್ ಮಾಡುತ್ತಾನಂತೆ. ನಂಬರು ಕೊಡಿ ಎಂದೆ, ಕೊಟ್ಟರು. ಡೈರಿಯಲ್ಲಿ ಬರೆದುಕೊಂಡು ಬಂದಿದ್ದೇನೆ. ಇನ್ನೂ ಮಾಡಿಲ್ಲ.